ಒಂದೇ ಮನೆಯ ಎರಡು ಪಾಲು: ಗೋಧಿಯ ಪಾಕಿಸ್ತಾನ, ಭತ್ತದ ಬಾಂಗ್ಲಾದೇಶ

ಅಣ್ಣತಮ್ಮಂದಿರು ಪಾಲಾಗುವುದು ನಮ್ಮ ಹಳ್ಳಿಗಳಲ್ಲಿ ಹೊಸ ಸಂಗತಿಯೇನಲ್ಲ. ಪಾಲುಪಟ್ಟಿ ಬರೆದ ದಿನ ಊರಿನವರು ಜಗಲಿಯ ಮೇಲೆ ಕುಳಿತು ಲೆಕ್ಕ ಹಾಕುತ್ತಾರೆ. ಕಾಲುವೆ ನೀರಿನ ತರಿ ಯಾರಿಗೆ ಹೋಯಿತು, ಎತ್ತಿನ ಜೋಡಿ ಯಾರಿಗೆ, ಸಾಲ ಯಾರ ತಲೆಗೆ ಎಂದು ಎಣಿಸಿ, ಇವನು ಉದ್ಧಾರವಾದ, ಅವನು ಕೆಟ್ಟ ಎಂಬ ತೀರ್ಪನ್ನೂ ಅಂದೇ ಕೊಟ್ಟುಬಿಡುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಆ ತೀರ್ಪು ತಲೆಕೆಳಗಾಗಿರುವುದೂ ಉಂಟು.

ದೇಶಗಳ ವಿಷಯದಲ್ಲಿ ಇಂತಹ ಪಾಲು ನಡೆದದ್ದು 1971ರಲ್ಲಿ. ಆ ವರ್ಷದ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. 24 ವರ್ಷ ಒಂದೇ ದೇಶವಾಗಿದ್ದ ಪೂರ್ವ ಮತ್ತು ಪಶ್ಚಿಮ ಪಾಕಿಸ್ತಾನಗಳು ಬೇರೆಯಾದವು. ಒಂದೇ ಸರ್ಕಾರ, ಒಂದೇ ನಾಣ್ಯ, ಬಹುಮಟ್ಟಿಗೆ ಒಂದೇ ಧರ್ಮ ಇದ್ದ ಈ ಎರಡು ನಾಡುಗಳ ಜನಜೀವನ ಅರ್ಧ ಶತಮಾನದಲ್ಲಿ ಹೇಗೆ ಬೇರೆ ಬೇರೆ ದಾರಿ ಹಿಡಿಯಿತು ಎಂಬುದನ್ನು ನೋಡುವುದು ರೈತರಾದ ನಮಗೆ ಉಪಯುಕ್ತ. ಏಕೆಂದರೆ ಎರಡೂ ಕಡೆ ಕಥೆ ಶುರುವಾಗುವುದು ಹೊಲದಿಂದಲೇ.

ಪಾಲಾದ ದಿನ ಇದ್ದದ್ದು

ಪಶ್ಚಿಮಕ್ಕೆ ಬಂದದ್ದು ಸಿಂಧೂ ನದಿಯ ಬಯಲು. ಬ್ರಿಟಿಷರ ಕಾಲದಿಂದಲೂ ಕಟ್ಟುತ್ತ ಬಂದ ಕಾಲುವೆಗಳ ಜಾಲ ಅಲ್ಲಿತ್ತು. ಒಂದಕ್ಕೊಂದು ಕೂಡಿಕೊಂಡ ಇಷ್ಟು ದೊಡ್ಡ ನೀರಾವರಿ ವ್ಯವಸ್ಥೆ ಜಗತ್ತಿನಲ್ಲಿ ಇನ್ನೊಂದಿಲ್ಲ. 1967ರಲ್ಲಿ ಮಂಗ್ಲಾ ಅಣೆಕಟ್ಟು ಮುಗಿದಿತ್ತು. 1976ರಲ್ಲಿ ತರ್ಬೇಲಾ ಮುಗಿಯಿತು. ಗಿಡ್ಡ ಜಾತಿಯ ಮೆಕ್ಸಿಕನ್ ಗೋಧಿ ಬಂದ ಮೇಲೆ 1965ರಿಂದ ಐದೇ ವರ್ಷದಲ್ಲಿ ಅಲ್ಲಿನ ಗೋಧಿ ಬೆಳೆ ಒಂದೂವರೆ ಪಟ್ಟಿಗೂ ಮೀರಿ ಬೆಳೆದಿತ್ತು. ಕಾರ್ಖಾನೆಗಳು, ಬ್ಯಾಂಕುಗಳು, ರಾಜಧಾನಿ, ಸೇನೆ ಎಲ್ಲವೂ ಅಲ್ಲೇ. ತಲಾ ಆದಾಯ ಪೂರ್ವದವರಿಗಿಂತ ಸುಮಾರು ಒಂದೂವರೆ ಪಟ್ಟು.

ಪೂರ್ವದ ಪಾಲಿಗೆ ಬಂದದ್ದು ಗಂಗೆ, ಬ್ರಹ್ಮಪುತ್ರ, ಮೇಘನಾ ನದಿಗಳು ಸಮುದ್ರ ಸೇರುವ ಮೆಕ್ಕಲು ಭೂಮಿ. ಮಳೆಗಾಲದಲ್ಲಿ ಅದು ಹೊಲವೋ ಹೊಳೆಯೋ ಹೇಳಲಾಗದು. ಅಲ್ಲಿ ಬೆಳೆದ ಸೆಣಬು ಒಟ್ಟು ಪಾಕಿಸ್ತಾನಕ್ಕೆ ವಿದೇಶಿ ವಿನಿಮಯದ ದೊಡ್ಡ ಭಾಗವನ್ನು ತಂದುಕೊಟ್ಟಿತ್ತು. ಹಣ ಖರ್ಚಾದದ್ದು ಪಶ್ಚಿಮದಲ್ಲಿ ಎಂಬುದೇ ಜಗಳದ ಮೂಲಗಳಲ್ಲಿ ಒಂದು. ಬೇರೆಯಾಗುವ ಹೊತ್ತಿಗೆ ದುರದೃಷ್ಟ ಸಾಲುಸಾಲಾಗಿ ಬಂದಿತು. 1970ರ ನವೆಂಬರಿನ ಚಂಡಮಾರುತಕ್ಕೆ ಕಡಿಮೆಯೆಂದರೂ ಮೂರು ಲಕ್ಷ ಜನ ಬಲಿಯಾದರು. ಮರುವರ್ಷದ ಯುದ್ಧದಲ್ಲಿ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. 1974ರಲ್ಲಿ ಕ್ಷಾಮ. ಹೊಸ ದೇಶ ತನ್ನ ಕಾಲ ಮೇಲೆ ನಿಲ್ಲಲಾರದು, ಸದಾ ಕೈಚಾಚಿಯೇ ಬದುಕಬೇಕು ಎಂದು ದೊಡ್ಡ ದೇಶಗಳ ಪಂಡಿತರು ಆಗ ತೀರ್ಪು ಕೊಟ್ಟಿದ್ದರು. ಜಗಲಿಯ ಮೇಲಿನ ತೀರ್ಪಿನಂತೆಯೇ.

ಈಗಿನ ಲೆಕ್ಕ

ತಲಾ ಆದಾಯದ ಮಾತನ್ನು ಮೊದಲು ಮುಗಿಸಿಬಿಡೋಣ. 2010ರ ದಶಕದಲ್ಲಿ ಬಾಂಗ್ಲಾದೇಶ ಪಾಕಿಸ್ತಾನವನ್ನು ಹಿಂದೆ ಹಾಕಿತು. ಆದರೆ ತಲಾ ಆದಾಯವೆಂಬುದು ಊರಿನ ಸಾಹುಕಾರನ ಹಣವನ್ನೂ ಜೀತದವನ ಹಣವನ್ನೂ ಕೂಡಿಸಿ ಎರಡರಿಂದ ಭಾಗಿಸಿದ ಹಾಗೆ. ಅದರಿಂದ ಯಾರ ಮನೆಯ ಒಲೆ ಹೇಗೆ ಉರಿಯುತ್ತಿದೆ ಎಂಬುದು ತಿಳಿಯುವುದಿಲ್ಲ.

ಇದನ್ನು ಮನಗಂಡೇ 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಬೇರೊಂದು ಅಳತೆಗೋಲನ್ನು ಬಳಕೆಗೆ ತಂದಿತು. ಆದಾಯದ ಜೊತೆಗೆ ಆಯುಸ್ಸು ಮತ್ತು ವಿದ್ಯೆಯನ್ನೂ ಸೇರಿಸಿ ಅಳೆಯುವ ಈ ಲೆಕ್ಕಕ್ಕೆ ಮಾನವ ಅಭಿವೃದ್ಧಿ ಸೂಚ್ಯಂಕ ಎಂದು ಹೆಸರು. ವಿಚಿತ್ರವೆಂದರೆ ಇದನ್ನು ರೂಪಿಸಿದ ಮುಖ್ಯ ವ್ಯಕ್ತಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ತಮ್ಮ ದೇಶದ ಕೈಗಾರಿಕೆಯ ಬಹುಪಾಲು 22 ಕುಟುಂಬಗಳ ಕೈಯಲ್ಲಿದೆ ಎಂದು 1968ರಲ್ಲೇ ಬಹಿರಂಗವಾಗಿ ಹೇಳಿದವರು ಅವರು. ಮುಂದೆ ಅಲ್ಲಿನ ಹಣಕಾಸು ಮಂತ್ರಿಯೂ ಆದರು. ಅವರಿಗೆ ನೆರವಾದವರು ಬಾಲ್ಯದ ಕೆಲಕಾಲ ಢಾಕಾದಲ್ಲಿ ಓದಿದ ನಮ್ಮ ಅಮರ್ತ್ಯ ಸೇನ್. ಆ ಕೋಲಿನಿಂದ 2025ರ ವರದಿಯಲ್ಲಿ ಅಳೆದಾಗ 193 ದೇಶಗಳ ಸಾಲಿನಲ್ಲಿ ಬಾಂಗ್ಲಾದೇಶ 130ನೆಯ ಸ್ಥಾನದಲ್ಲೂ ಪಾಕಿಸ್ತಾನ 168ನೆಯ ಸ್ಥಾನದಲ್ಲೂ ಇದ್ದವು. ಅದೇ 130ರಲ್ಲಿ ಬಾಂಗ್ಲಾದೇಶದ ಪಕ್ಕ ಕುಳಿತಿದ್ದ ಇನ್ನೊಂದು ದೇಶ ಭಾರತ. ಅದನ್ನು ಕೊನೆಗೆ ನೋಡೋಣ.

ಅಂಕಿಅಂಶಗಳಲ್ಲಿ ಹೆಚ್ಚು ಮಾತಾಡುವುದು ಮಕ್ಕಳ ಲೆಕ್ಕ. ಪಾಕಿಸ್ತಾನದ 2017–18ರ ಸಮೀಕ್ಷೆಯ ಪ್ರಕಾರ ಹುಟ್ಟಿದ ಸಾವಿರ ಮಕ್ಕಳಲ್ಲಿ 74 ಐದು ವರ್ಷ ತುಂಬುವುದರೊಳಗೆ ತೀರಿಹೋಗುತ್ತಿದ್ದವು. ಬಾಂಗ್ಲಾದೇಶದ 2022ರ ಸಮೀಕ್ಷೆಯಲ್ಲಿ ಆ ಸಂಖ್ಯೆ 31. ನಡುವೆ ನಾಲ್ಕೈದು ವರ್ಷದ ಅಂತರವಿದೆ, ನಿಜ. ಅದನ್ನು ಬಿಟ್ಟುಕೊಟ್ಟರೂ ಕಂದಕ ಮುಚ್ಚುವುದಿಲ್ಲ. ಸರಾಸರಿ ಆಯುಸ್ಸು ಅಲ್ಲಿ ಸುಮಾರು 67, ಇಲ್ಲಿ ಸುಮಾರು 74. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ಪಾಕಿಸ್ತಾನದಲ್ಲಿ ನೂರಕ್ಕೆ 40, ಬಾಂಗ್ಲಾದೇಶದಲ್ಲಿ 24.

ಈ ಕಡೆಯ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ಪಾಕಿಸ್ತಾನ ಹಾಲಿನ ನಾಡು. ಸಾಹಿವಾಲ್ ಹಸು, ನೀಲಿ-ರಾವಿ ಎಮ್ಮೆಗಳ ತವರು ಪಂಜಾಬ್. ಹಾಲು ಉತ್ಪಾದನೆಯಲ್ಲಿ ಆ ದೇಶ ಜಗತ್ತಿನ ಮುಂಚೂಣಿಯಲ್ಲಿದೆ. 2024ರಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಗೋಧಿ ಬೆಳೆಯಿತು. ಕಣಜ ತುಂಬಿದೆ, ಕೊಟ್ಟಿಗೆ ತುಂಬಿದೆ, ಆದರೆ ಹತ್ತು ಮಕ್ಕಳಲ್ಲಿ ನಾಲ್ಕು ಕುಳ್ಳು. ಬೆಳೆ ಹೆಚ್ಚಾದರೆ ಬದುಕು ತಾನಾಗಿಯೇ ಹಸನಾಗುತ್ತದೆ ಎಂದು ನಾವೆಲ್ಲ ಬಹುಕಾಲ ನಂಬಿಕೊಂಡು ಬಂದಿದ್ದೇವೆ. ಈ ಒಂದು ಸಂಖ್ಯೆ ಆ ನಂಬಿಕೆಯನ್ನು ಅಲುಗಿಸುತ್ತದೆ.

ಚಿಟಿಕೆ ಉಪ್ಪು, ಹಿಡಿ ಬೆಲ್ಲ

ಬಾಂಗ್ಲಾದೇಶದಲ್ಲಿ ಏನಾಯಿತು? ದೊಡ್ಡ ಅಣೆಕಟ್ಟು ಕಟ್ಟಲು ಅಲ್ಲಿ ಬೆಟ್ಟಗುಡ್ಡ ಕಡಿಮೆ, ಹಣವಂತೂ ಇರಲೇ ಇಲ್ಲ. ಆದದ್ದೆಲ್ಲ ಸಣ್ಣ ಸಣ್ಣ ಕೆಲಸ, ಅದೂ ಮನೆಯ ಹೊಸ್ತಿಲಲ್ಲಿ.

ವಾಂತಿಭೇದಿ ಆ ನಾಡಿನ ಹಳೆಯ ಶತ್ರು. ಮಕ್ಕಳು ಸಾಯುವುದು ರೋಗಕ್ಕಿಂತ ಹೆಚ್ಚಾಗಿ ಮೈಯ ನೀರು ಬತ್ತಿಹೋಗಿ. ನೀರಿಗೆ ಸರಿಯಾದ ಪ್ರಮಾಣದಲ್ಲಿ ಉಪ್ಪು ಮತ್ತು ಸಕ್ಕರೆ ಬೆರೆಸಿ ಕುಡಿಸಿದರೆ ಜೀವ ಉಳಿಯುತ್ತದೆ ಎಂಬುದನ್ನು 1960ರ ದಶಕದಲ್ಲಿ ಢಾಕಾ ಮತ್ತು ಕಲ್ಕತ್ತಾದ ಸಂಶೋಧಕರು ತೋರಿಸಿದ್ದರು. 1971ರಲ್ಲಿ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ನಮ್ಮ ಡಾ. ದಿಲೀಪ್ ಮಹಲನಬೀಸ್ ಇದನ್ನು ಸಾವಿರಾರು ರೋಗಿಗಳಿಗೆ ಕುಡಿಸಿ ಗೆದ್ದರು. ಆದರೆ ಪೊಟ್ಟಣ ಕಟ್ಟಿ ಹಳ್ಳಿಹಳ್ಳಿಗೆ ಮುಟ್ಟಿಸುವ ಶಕ್ತಿ ಬಡ ದೇಶಕ್ಕೆ ಎಲ್ಲಿಂದ ಬರಬೇಕು?

ಒಂದು ತೈಲ ಕಂಪನಿಯ ದೊಡ್ಡ ಕೆಲಸ ಬಿಟ್ಟು ಬಂದಿದ್ದ ಫಜ್ಲೆ ಹಸನ್ ಅಬೇದ್ ಎಂಬವರು 1972ರಲ್ಲಿ ಬ್ರಾಕ್ ಎಂಬ ಸೇವಾಸಂಸ್ಥೆಯನ್ನು ಕಟ್ಟಿದ್ದರು. ಪೊಟ್ಟಣ ಬೇಡ, ಪ್ರತಿ ಅಡಿಗೆಮನೆಯಲ್ಲೂ ಇರುವುದನ್ನೇ ಬಳಸೋಣ ಎಂದು ಆ ಸಂಸ್ಥೆ ನಿರ್ಧರಿಸಿತು. ಅರ್ಧ ಸೇರು ನೀರು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. ಇಷ್ಟೇ. 1980ರಿಂದ 1990ರವರೆಗೆ ಹಳ್ಳಿಯ ಹೆಣ್ಣುಮಕ್ಕಳು ತಂಡತಂಡವಾಗಿ ಮನೆಯಿಂದ ಮನೆಗೆ ನಡೆದರು. ತಾಯಂದಿರ ಮುಂದೆ ಕುಳಿತು ಕಲಸಿ ತೋರಿಸಿದರು, ಅವರ ಕೈಯಲ್ಲೇ ಕಲಸಿಸಿದರು. ಹತ್ತು ವರ್ಷದಲ್ಲಿ ಮುಟ್ಟಿದ ಮನೆಗಳು ಸುಮಾರು 1.2 ಕೋಟಿ.

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಕೂಲಿ ಕೊಟ್ಟ ಕ್ರಮ. ಎಷ್ಟು ಮನೆ ಸುತ್ತಿದೆ ಎಂಬುದರ ಮೇಲೆ ಸಂಬಳವಲ್ಲ. ಕೆಲವು ದಿನ ಬಿಟ್ಟು ಮೇಲ್ವಿಚಾರಕರು ಕೆಲವು ಮನೆಗಳನ್ನು ಆರಿಸಿಕೊಂಡು ಹೋಗಿ ತಾಯಿಯನ್ನು ಕೇಳುತ್ತಿದ್ದರು. ಆಕೆ ಎಷ್ಟು ನೆನಪಿಟ್ಟುಕೊಂಡಿದ್ದಾಳೆ, ಸರಿಯಾಗಿ ಕಲಸುತ್ತಾಳೆಯೆ ಎಂಬುದರ ಮೇಲೆ ಕಾರ್ಯಕರ್ತೆಯ ಸಂಪಾದನೆ. ನಮ್ಮಲ್ಲಿ ರೈತರಿಗೆ ತರಬೇತಿ ಕೊಡುವವರಿಗೂ ಇದೇ ನಿಯಮವಿದ್ದಿದ್ದರೆ! ಹಾಗೆಂದು ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಮೊದಮೊದಲು ಕಲಿತವರಲ್ಲಿ ಬಳಸಿದವರು ಬಹಳ ಕಡಿಮೆ. ವಿಚಾರಿಸಿದಾಗ, ಕಲಿಸಲು ಹೋದವರೇ ತಮಗೆ ಭೇದಿಯಾದಾಗ ಮಾತ್ರೆ ನುಂಗುತ್ತಿದ್ದರೆಂದು ತಿಳಿಯಿತು. ಹೆಂಗಸರಿಗೆ ಮಾತ್ರ ಹೇಳಿ ಗಂಡಸರನ್ನು ಬಿಟ್ಟದ್ದೂ ತಪ್ಪಾಗಿತ್ತು. ಆಮೇಲೆ ಸಂತೆಯಲ್ಲಿ, ಮಸೀದಿಯಲ್ಲಿ ಗಂಡಸರಿಗೂ ತಿಳಿಹೇಳಿದರು.

ಒಮ್ಮೆ ಮನೆಬಾಗಿಲಿಗೆ ಹೋಗುವ ದಾರಿ ಗೊತ್ತಾದ ಮೇಲೆ ಉಳಿದವೂ ಅದೇ ದಾರಿಯಲ್ಲಿ ಬಂದವು. ಕುಟುಂಬ ಯೋಜನೆಗೆ ಸರ್ಕಾರವೇ ಸಾವಿರಾರು ಮಹಿಳಾ ಕಾರ್ಯಕರ್ತೆಯರನ್ನು ನೇಮಿಸಿತು. 1951ರ ಜನಗಣತಿಯಲ್ಲಿ ಪೂರ್ವದಲ್ಲಿ 4.2 ಕೋಟಿ, ಪಶ್ಚಿಮದಲ್ಲಿ ಸುಮಾರು 3.4 ಕೋಟಿ ಜನರಿದ್ದರು. 2022ರ ಗಣತಿಯಲ್ಲಿ ಬಾಂಗ್ಲಾದೇಶ ಸುಮಾರು 17 ಕೋಟಿ. 2023ರ ಗಣತಿಯಲ್ಲಿ ಪಾಕಿಸ್ತಾನ 24 ಕೋಟಿ ದಾಟಿದೆ. ಹಿಂದೆ ಇದ್ದವನು ಮುಂದೆ ಹೋದದ್ದು ಈ ಒಂದು ಲೆಕ್ಕದಲ್ಲಿ ಮಾತ್ರ! 1994ರಿಂದ ಪ್ರೌಢಶಾಲೆಗೆ ಹೋಗುವ ಹಳ್ಳಿಯ ಹುಡುಗಿಯರಿಗೆ ಬಾಂಗ್ಲಾದೇಶ ವಿದ್ಯಾರ್ಥಿವೇತನ ಕೊಟ್ಟಿತು. ನೂರಕ್ಕೆ 75 ಹಾಜರಿ ಇರಬೇಕು, ಓದು ಮುಗಿಯುವ ತನಕ ಮದುವೆಯಾಗಿರಬಾರದು ಎಂಬ ಕರಾರು. ಇಂದು ಅಲ್ಲಿ ನೂರು ಹೆಂಗಸರಲ್ಲಿ ಸುಮಾರು 73 ಮಂದಿ ಓದುಬರಹ ಬಲ್ಲವರು. ಪಾಕಿಸ್ತಾನದಲ್ಲಿ ಸುಮಾರು 53. ಎರಡೂವರೆ ಕೋಟಿಗೂ ಹೆಚ್ಚು ಮಕ್ಕಳು ಶಾಲೆಯಿಂದ ಹೊರಗಿದ್ದಾರೆಂದು 2024ರ ಮೇ ತಿಂಗಳಲ್ಲಿ ಪಾಕಿಸ್ತಾನದ ಪ್ರಧಾನಿಯೇ ಶಿಕ್ಷಣದ ತುರ್ತುಸ್ಥಿತಿ ಘೋಷಿಸಬೇಕಾಯಿತು.

ಐದಾರು ಕುದುರೆ ಶಕ್ತಿಯ ಎಂಜಿನ್

ಇನ್ನು ಹೊಲಕ್ಕೆ ಬರೋಣ. 1971ರ ಹೊತ್ತಿಗೆ ಒಂದು ಕೋಟಿ ಟನ್ ಅಕ್ಕಿ ಬೆಳೆಯುತ್ತಿದ್ದ ಬಾಂಗ್ಲಾದೇಶ ಈಗ ಸುಮಾರು ನಾಲ್ಕು ಪಟ್ಟು ಬೆಳೆಯುತ್ತದೆ. ಭೂಮಿ ಹೆಚ್ಚಾಗಿಲ್ಲ, ಸರಾಸರಿ ಹಿಡುವಳಿ ಎರಡು ಎಕರೆಗೂ ಕಡಿಮೆ. ಹೆಚ್ಚಾದದ್ದು ಬೋರೋ ಎಂಬ ಬೇಸಗೆ ಭತ್ತ. ಚಳಿಗಾಲದಲ್ಲಿ ನಾಟಿ, ಏಪ್ರಿಲ್–ಮೇ ಹೊತ್ತಿಗೆ ಕೊಯ್ಲು. ನೆರೆ ಬರುವ ಮುನ್ನ ಪೈರು ಮನೆ ಸೇರುತ್ತದೆ. ಅಲ್ಲಿನ ಭತ್ತ ಸಂಶೋಧನಾ ಸಂಸ್ಥೆ 1994ರಲ್ಲಿ ಬಿಡುಗಡೆ ಮಾಡಿದ 28 ಮತ್ತು 29ನೆಯ ತಳಿಗಳು ಬಹುಕಾಲ ಗದ್ದೆಗಳನ್ನು ಆಳಿದವು.

ಬೋರೋ ಭತ್ತಕ್ಕೆ ನೀರು ಬೇಕಲ್ಲ? ಮೊದಲು ಸರ್ಕಾರವೇ ಪಂಪು ತರಿಸಿ ಹಂಚುತ್ತಿತ್ತು. ಇಂಥದೇ ಎಂಜಿನ್ ಆಗಬೇಕೆಂಬ ಕಟ್ಟುಪಾಡು ಬೇರೆ. 1988ರ ಮಹಾನೆರೆಯ ನಂತರ ಆ ಕಟ್ಟುಪಾಡನ್ನು ತೆಗೆದು, ಸುಂಕ ಇಳಿಸಿ, ಸಣ್ಣ ಡೀಸೆಲ್ ಎಂಜಿನ್ ಆಮದನ್ನು ಸಡಿಲಗೊಳಿಸಿದರು. ಚೀನಾದ ಅಗ್ಗದ ಎಂಜಿನ್‌ಗಳು ಪ್ರವಾಹದಂತೆ ಬಂದವು. ರೈತನ ಜಾಣತನ ನೋಡಿ: ಬೇಸಗೆಯಲ್ಲಿ ಅದೇ ಎಂಜಿನ್ ಆಳವಿಲ್ಲದ ಕೊಳವೆ ಬಾವಿಯಿಂದ ನೀರೆತ್ತುತ್ತದೆ; ಮಳೆಗಾಲದಲ್ಲಿ ಅದನ್ನೇ ಕಳಚಿ ದೋಣಿಗೆ ಕಟ್ಟುತ್ತಾರೆ; ಭತ್ತ ಕುಟ್ಟುವುದಕ್ಕೂ ಅದೇ. ಎಂಜಿನ್ ಇಲ್ಲದವನು ಇದ್ದವನಿಂದ ನೀರು ಕೊಳ್ಳುತ್ತಾನೆ. ಬೆಳೆಯ ನಾಲ್ಕನೆಯ ಒಂದು ಪಾಲು ನೀರಿನವನಿಗೆ ಎಂಬ ಪದ್ಧತಿ ಬಹಳ ಕಡೆ ಇತ್ತು, ಈಚೆಗೆ ರೊಕ್ಕದ ಲೆಕ್ಕ ಹೆಚ್ಚು. ಅನ್ಯಾಯದ ಬೆಲೆಯೆಂದು ಗೊಣಗುವವರಿದ್ದಾರೆ. ಆದರೂ ಅರ್ಧ ಎಕರೆಯವನ ಗದ್ದೆಗೂ ನೀರು ಹರಿಯಿತು.

ಸಿಂಧೂ ಬಯಲಿನಲ್ಲಿ ನೀರು ದೊಡ್ಡದು, ಹಾಗೆಯೇ ನೀರಿನ ಯಜಮಾನರೂ ದೊಡ್ಡವರು. ಕಾಲುವೆಯ ತಲೆಭಾಗದವನಿಗೆ ಹೆಚ್ಚು, ಕೊನೆಯವನಿಗೆ ಸಿಕ್ಕಿದ್ದಷ್ಟು. ಅತಿ ನೀರಿನಿಂದ ಜೌಗು ಮತ್ತು ಚೌಳು. ತುಂಗಭದ್ರಾ ಅಚ್ಚುಕಟ್ಟಿನ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಭೂಮಿಯ ಒಡೆತನ. ಪೂರ್ವ ಬಂಗಾಳದಲ್ಲಿ 1950ರಲ್ಲೇ ಜಮೀನ್ದಾರಿ ರದ್ದಾಯಿತು. ಪಶ್ಚಿಮದಲ್ಲಿ 1959, 1972, 1977ರಲ್ಲಿ ಮೂರು ಸಲ ಭೂಸುಧಾರಣೆ ಬಂದಿತು. 1959ರ ಕಾಯಿದೆಯಲ್ಲಿ ಒಬ್ಬನಿಗೆ 500 ಎಕರೆ ನೀರಾವರಿ ಭೂಮಿಯ ಮಿತಿ! ಕಡೆಗೆ 1989ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಶರೀಯತ್ ಪೀಠ ಇಂತಹ ಮಿತಿ ಧರ್ಮಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ಕೆಲಸ ಅಲ್ಲಿಗೆ ನಿಂತಿತು. 1974ರ ಕಾಯಿದೆಯಂತೆ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತ ನಮ್ಮ ಗೇಣಿದಾರರ ಮನೆಯವರಿಗೆ ಈ ಒಂದು ತೀರ್ಪಿನ ತೂಕ ಗೊತ್ತಾಗುತ್ತದೆ. ಸಿಂಧ್ ಪ್ರಾಂತ್ಯದ ಹಾರಿ, ಎಂದರೆ ಗೇಣಿಯವನು, ಸಾಲದ ಲೆಕ್ಕದಲ್ಲಿ ಒಡೆಯನ ಹೊಲಕ್ಕೇ ಕಟ್ಟುಬಿದ್ದಿರುವುದು ಸಾಮಾನ್ಯ. ಜೀತ ನಿಷೇಧದ ಕಾಯಿದೆ 1992ರಲ್ಲೇ ಬಂದಿದೆ. ಇಂತಹ ಮನೆಯ ಮಗು ಶಾಲೆಗೆ ಹೋಗಬೇಕೆಂದು ಒಡೆಯನಿಗೆ ಏಕೆ ಅನ್ನಿಸಬೇಕು?

ಬೆಳೆದವನಿಗೆ ಬೆಲೆಯೂ ಸಿಕ್ಕಲಿಲ್ಲ. 2024ರ ಗೋಧಿ ದಾಖಲೆಯ ಬೆಳೆ ಎಂದೆನಷ್ಟೆ. ಕೊಯ್ಲಿಗೆ ಮೊದಲೇ ಹೊರದೇಶದ ಗೋಧಿ ತರಿಸಿಕೊಂಡು ಉಗ್ರಾಣ ತುಂಬಿಸಿದ್ದರು. 40 ಕಿಲೊಗೆ 3,900 ರೂಪಾಯಿ ಎಂದು ಬೆಂಬಲ ಬೆಲೆ ಸಾರಿದ್ದ ಪಂಜಾಬ್ ಸರ್ಕಾರ ಖರೀದಿಯಿಂದ ಹಿಂದೆ ಸರಿಯಿತು. ರೈತರು ಬೀದಿಗಿಳಿದರು, ಲಾಠಿ ಏಟನ್ನೂ ತಿಂದರು, ಕಡಿಮೆ ಬೆಲೆಗೇ ಮಾರಿದರು.

ಅಲ್ಲೂ ಹುಳುಕಿದೆ

ಬಾಂಗ್ಲಾದೇಶವನ್ನು ಸ್ವರ್ಗವೆಂದು ಯಾರೂ ತಿಳಿಯಬೇಕಾಗಿಲ್ಲ. ಕೆರೆನೀರಿನ ರೋಗಗಳಿಂದ ಪಾರಾಗಲು 1970ರ ದಶಕದಿಂದ ಲಕ್ಷಗಟ್ಟಲೆ ಕೈಪಂಪು ಕೊರೆಸಿದರು. 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ವಿಷ ಇರುವುದು ಪತ್ತೆಯಾಯಿತು. ಕೋಟ್ಯಂತರ ಜನ ವರ್ಷಗಟ್ಟಲೆ ಅದನ್ನೇ ಕುಡಿದಿದ್ದರು. ಆಮೇಲೆ ಬಾವಿಗಳನ್ನು ಪರೀಕ್ಷಿಸಿ ವಿಷದ ಪಂಪಿನ ಮೂತಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಬಣ್ಣ ಮಾಸಿದ ಮೇಲೂ ಸಮಸ್ಯೆ ಮಾಸಿಲ್ಲ. ವಿದ್ಯಾರ್ಥಿವೇತನ ಕೊಟ್ಟ ಮೇಲೂ ಅರ್ಧದಷ್ಟು ಹುಡುಗಿಯರ ಮದುವೆ 18 ತುಂಬುವ ಮೊದಲೇ ಆಗುತ್ತದೆ. ಈ ವಿಷಯದಲ್ಲಿ ಪಾಕಿಸ್ತಾನವೇ ಮೇಲು. ಸುಮಾರು 40 ಲಕ್ಷ ಜನರಿಗೆ, ಹೆಚ್ಚಾಗಿ ಹೆಂಗಸರಿಗೆ, ಕೆಲಸ ಕೊಟ್ಟಿರುವ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಕೂಲಿ ಕಡಿಮೆ. 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ರಾಜಕೀಯದ ಸ್ಥಿತಿಯೂ ಹೊಗಳುವಂತಹುದಲ್ಲ. 2024ರಲ್ಲಿ ಯುವಜನರ ಮೇಲೆ ಗುಂಡು ಹಾರಿಸಿದ ಸರ್ಕಾರದ ಪ್ರಧಾನಿ ಆಗಸ್ಟ್ 5ರಂದು ದೇಶ ಬಿಟ್ಟು ಓಡಬೇಕಾಯಿತು.

ಆದರೆ ಒಂದನ್ನು ಮೆಚ್ಚಲೇಬೇಕು. 1970ರ ಚಂಡಮಾರುತದಲ್ಲಿ ಸತ್ತವರು ಮೂರು ಲಕ್ಷಕ್ಕೂ ಹೆಚ್ಚು, 1991ರದರಲ್ಲಿ ಸುಮಾರು 1.4 ಲಕ್ಷ, 2007ರ ಸಿದ್ರ್ ಚಂಡಮಾರುತದಲ್ಲಿ ಸುಮಾರು 3,400. ಮುನ್ಸೂಚನೆ ಬಂದೊಡನೆ ಹಳ್ಳಿಹಳ್ಳಿಯ ಸ್ವಯಂಸೇವಕರು ಧ್ವನಿವರ್ಧಕ ಹಿಡಿದು ಸೈಕಲ್ಲಿನಲ್ಲಿ ಸುತ್ತುತ್ತಾರೆ, ಜನ ಆಶ್ರಯಕಟ್ಟಡ ಸೇರುತ್ತಾರೆ. ಇದೂ ಮನೆಬಾಗಿಲಿನ ಕೆಲಸವೇ.

ನಮ್ಮ ಮಾತು

ಭಾರತದ ತಲಾ ಆದಾಯ ಬಾಂಗ್ಲಾದೇಶಕ್ಕಿಂತ ಸ್ವಲ್ಪ ಹೆಚ್ಚೇ, ಕರ್ನಾಟಕದ್ದಂತೂ ಭಾರತದ ಸರಾಸರಿಗಿಂತ ಬಹಳ ಮೇಲೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶಿಶುಮರಣ ಸಾವಿರಕ್ಕೆ 25. ಬಾಂಗ್ಲಾದೇಶದ 2022ರ ಸಂಖ್ಯೆಯೂ 25. ಇಲ್ಲಿಯವರೆಗೆ ಸರಿಸಮ ಎನ್ನೋಣ. ಎತ್ತರ ಬೆಳೆಯದ ಮಕ್ಕಳ ಲೆಕ್ಕದಲ್ಲಿ ಮಾತ್ರ ನಮ್ಮದು ನೂರಕ್ಕೆ 35. ಬಾಂಗ್ಲಾದೇಶಕ್ಕಿಂತ ಪಾಕಿಸ್ತಾನಕ್ಕೆ ಹತ್ತಿರ. ರಾಗಿ, ಜೋಳ, ಭತ್ತ, ಹಾಲು ಎಲ್ಲವೂ ಇರುವ ನಾಡಿನಲ್ಲಿ ಹೀಗೇಕೆಂದು ಕೇಳಿಕೊಳ್ಳುವುದು ಢಾಕಾ–ಇಸ್ಲಾಮಾಬಾದ್‌ಗಳ ಮಾತಿಗಿಂತ ನಮಗೆ ಹತ್ತಿರದ್ದು. ಅಂಗನವಾಡಿಯಲ್ಲಿ ಮಕ್ಕಳ ತೂಕ, ಎತ್ತರ ಬರೆದಿಡುತ್ತಾರೆ. ಓದುಗರು ತಮ್ಮೂರಿನ ಪುಸ್ತಕವನ್ನು ಒಮ್ಮೆ ಕೇಳಿ ನೋಡಬಹುದು.

ಪಾಕಿಸ್ತಾನವೂ ಕೈಕಟ್ಟಿ ಕೂತಿಲ್ಲ. 1994ರಲ್ಲಿ ಬೆನಜೀರ್ ಭುಟ್ಟೋ ಸರ್ಕಾರ ಹಳ್ಳಿಯ ಹೆಂಗಸರನ್ನೇ ಆರಿಸಿ ತರಬೇತಿ ಕೊಟ್ಟು ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡುವ ಯೋಜನೆ ತಂದಿತು. 2008ರಿಂದ ಬಡ ಕುಟುಂಬದ ಹೆಂಗಸಿನ ಹೆಸರಿಗೇ ಹಣ ಕೊಡುವ ಯೋಜನೆಯೂ ನಡೆದಿದೆ. ಹೊಸ್ತಿಲಿನ ಕೆಲಸ ಅವರಿಗೂ ಗೊತ್ತಿದೆ, ತಡವಾಗಿ ಹಿಡಿದಿದ್ದಾರೆ. ಜಗತ್ತಿನಲ್ಲಿ ಕಾಡು ಪೋಲಿಯೊ ಇನ್ನೂ ನೆಲೆಯೂರಿರುವುದು ಎರಡೇ ದೇಶಗಳಲ್ಲಿ, ಅಫ್ಘಾನಿಸ್ತಾನ ಮತ್ತು ಪಾಕಿಸ್ತಾನ. ಮನೆಮನೆಗೆ ಹೋಗಿ ಮಕ್ಕಳ ಬಾಯಿಗೆ ಎರಡು ಹನಿ ಹಾಕುವ ಹೆಂಗಸರ ಮೇಲೆ ಅಲ್ಲಿ ಹಲವು ಸಲ ಗುಂಡಿನ ದಾಳಿಯಾಗಿದೆ. ಆದ್ದರಿಂದ ಅಂತಹ ಜಿಲ್ಲೆಗಳಲ್ಲಿ ಆಕೆ ಹೆಗಲಿಗೆ ಲಸಿಕೆಯ ಡಬ್ಬಿ ಹಾಕಿಕೊಂಡು ಬಾಗಿಲು ತಟ್ಟುವಾಗ ಹಿಂದೆ ಬಂದೂಕು ಹಿಡಿದ ಪೊಲೀಸ್ ಪೇದೆ ನಿಂತಿರುತ್ತಾನೆ.